ವೈನ್: ಇಡುವ ತಂಪು, ಬಗ್ಗಿಸುವ ತಂಪು

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕೆಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಬೇಸಿಗೆಯ ಸಂಜೆಯಲ್ಲೂ ಶಿರಾಜ್ ಬಾಟಲಿಯನ್ನು ಶೋಕೇಸಿನಿಂದ ತೆಗೆದು ನೇರವಾಗಿ ಗ್ಲಾಸಿಗೆ ಬಗ್ಗಿಸುವವರೇ ಹೆಚ್ಚು. ಈ ಮಾತು ಹುಟ್ಟಿದ್ದು ಯುರೋಪಿನ ಕಲ್ಲುಗೋಡೆಯ ಮನೆಗಳಲ್ಲಿ, ಅದೂ ಮನೆಯನ್ನೆಲ್ಲ ಬೆಚ್ಚಗಿಡುವ ವ್ಯವಸ್ಥೆ ಬರುವುದಕ್ಕೆ ಮುಂಚೆ. ನೆಲಮಾಳಿಗೆಯಿಂದ ತಂದ ಬಾಟಲಿಯನ್ನು ಊಟದ ಕೋಣೆಯಲ್ಲಿ ಒಂದಷ್ಟು ಹೊತ್ತು ಇಟ್ಟರೆ ಅದು 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತಿತ್ತು, ಅಷ್ಟೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಮುಟ್ಟುವ ಬೆಂಗಳೂರಿನಲ್ಲಿ, 40 ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದೇ ಸೂತ್ರವನ್ನು ಅಕ್ಷರಶಃ ಪಾಲಿಸಿದರೆ ಒಳ್ಳೆಯ ವೈನೂ ಕೆಟ್ಟ ಹೆಸರು ಪಡೆಯುತ್ತದೆ. ನಮ್ಮ ಮನೆಗಳಲ್ಲಿ ಬಿಳಿ ವೈನಿನಂತೆ ಕೆಂಪು ವೈನೂ ಕುಡಿಯುವ ಮುನ್ನ ಫ್ರಿಜ್ಜಿನ ಮುಖ ನೋಡಲೇಬೇಕು.

ಇದಕ್ಕೆ ಕಾರಣ ಸರಳ. ವೈನ್ ಬೆಚ್ಚಗಾದಷ್ಟೂ ಅದರಲ್ಲಿನ ಆಲ್ಕೋಹಾಲ್ ಬೇಗ ಆವಿಯಾಗಿ, ಹಣ್ಣಿನ ಘಮಕ್ಕಿಂತ ಮೊದಲು ಘಾಟಾಗಿ ಮೂಗಿಗೆ ಬಡಿಯುತ್ತದೆ. ತೀರಾ ತಣ್ಣಗಾದರೆ ಘಮವೇ ಮುದುಡಿಕೊಂಡು ಹುಳಿಯೂ ಒಗರೂ ಮುಂದಾಗುತ್ತವೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಆ ಒಗರನ್ನು ವೈನಿಗೆ ಕೊಡುವ ಟ್ಯಾನಿನ್ ಕೆಂಪು ವೈನಿನಲ್ಲಿ ಹೆಚ್ಚು, ಬಿಳಿಯದರಲ್ಲಿ ಬಹಳ ಕಡಿಮೆ. ಬಿಳಿ ವೈನ್ ಹೆಚ್ಚು ತಂಪನ್ನು ತಾಳಿಕೊಳ್ಳುವುದು, ಕೆಂಪು ವೈನ್ ತಾಳದಿರುವುದು ಇದರಿಂದಲೇ. ಹಾಗಾಗಿ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಿಗೆ 6ರಿಂದ 8 ಡಿಗ್ರಿ, ಸಾವಿನ್ಯೋಂ ಬ್ಲಾಂಕಿನಂಥ ಹಗುರ ಬಿಳಿ ವೈನಿಗೂ ತಿಳಿಗುಲಾಬಿ ಬಣ್ಣದ ರೋಸೆ ವೈನಿಗೂ 8ರಿಂದ 10, ಓಕ್ ಮರದ ಪೀಪಾಯಿಯಲ್ಲಿ ಮಾಗಿದ ಶಾರ್ಡನೇ ಎಂಬ ಬಿಳಿ ವೈನಿಗೆ 10ರಿಂದ 13, ಪಿನೋ ನ್ವಾರ್‌ನಂಥ ಹಗುರ ಕೆಂಪಿಗೆ 12ರಿಂದ 14, ನಂದಿಬೆಟ್ಟದ ತಪ್ಪಲಿನಲ್ಲೂ ಬೆಳೆಯುವ ಶಿರಾಜ್, ಕ್ಯಾಬರ್ನೆ ಸಾವಿನ್ಯೋಂಗಳ ಗಟ್ಟಿ ಕೆಂಪು ವೈನಿಗೆ 16ರಿಂದ 18 ಡಿಗ್ರಿ ಹದವೆನಿಸುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನನ್ನು ಮಾತ್ರ ಕೆಂಪೆಂಬ ಕಾರಣಕ್ಕೆ ಈ ಕೊನೆಯ ಗುಂಪಿಗೆ ಸೇರಿಸಬೇಡಿ. ಚೆನ್ನಾಗಿ ತಣ್ಣಗಾಗದಿದ್ದರೆ ಅದರ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಥರ್ಮಾಮೀಟರ್ ಇಲ್ಲದವರು ಗಡಿಯಾರವನ್ನು ನಂಬಬಹುದು. ಸುಮಾರು 28 ಡಿಗ್ರಿಯಲ್ಲಿರುವ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿ ಕೆಂಪು ವೈನ್ ಹದಕ್ಕೆ ಬರಲು ಒಂದು ಗಂಟೆ, ಬಿಳಿ ವೈನಿಗೆ ಮೂರು ಗಂಟೆ ಬೇಕು. ನೆಂಟರು ಆಗಲೇ ಬಾಗಿಲಲ್ಲಿದ್ದರೆ ಎತ್ತರದ ಸ್ಟೀಲ್ ಪಾತ್ರೆಯಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ. ಬರಿಯ ಐಸಿನ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ, ನೀರಾದರೋ ಗಾಜಿಗೆ ಸುತ್ತಲೂ ಅಂಟಿಕೊಂಡು ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ಹೀಗೆ ಮಾಡಿದರೆ ಬಿಳಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಕೆಂಪಿಗೆ ಹತ್ತು ನಿಮಿಷ ಸಾಕು. ಫ್ರೀಜರ್‌ನಲ್ಲಿಟ್ಟು ಮರೆತವರ ಬಾಟಲಿ ಒಡೆದಿರುವುದೂ ಉಂಟು. ಸೆಕೆಯ ದಿನಗಳಲ್ಲಿ ಹದಕ್ಕಿಂತ ಎರಡು ಡಿಗ್ರಿ ತಣ್ಣಗೇ ಬಗ್ಗಿಸಿ, ಗ್ಲಾಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ, ಗ್ಲಾಸನ್ನು ಅದರ ಬಟ್ಟಲಿನ ಕೆಳಗಿನ ತೆಳು ಕಡ್ಡಿಯಲ್ಲಿ ಹಿಡಿಯಿರಿ. ಉಳಿದ ಕೆಲಸವನ್ನು ಕೋಣೆಯೇ ಮಾಡಿಬಿಡುತ್ತದೆ. ಗ್ಲಾಸಿಗೆ ಐಸ್ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಕರಗಿದ ನೀರು ವೈನನ್ನು ಸಪ್ಪೆ ಮಾಡುತ್ತದೆ.

ತಿಂಗಳುಗಟ್ಟಲೆ ಇಡುವುದಾದರೆ ಲೆಕ್ಕವೇ ಬೇರೆ. ಬಣ್ಣ ಯಾವುದೇ ಇರಲಿ, ಎಲ್ಲ ವೈನಿಗೂ 12ರಿಂದ 14 ಡಿಗ್ರಿಯ ಕತ್ತಲ ಜಾಗ ಒಳ್ಳೆಯದು, ಅದಕ್ಕಿಂತಲೂ ಮುಖ್ಯವಾದದ್ದು ಆ ಉಷ್ಣಾಂಶ ಹಗಲಿರುಳು ಏರಿಳಿಯದಿರುವುದು. ಏರಿದಾಗ ದ್ರವ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ, ಇಳಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಅಡುಗೆಮನೆಯ ಅಟ್ಟದಲ್ಲಿ ಎರಡು ಬೇಸಿಗೆ ಕಳೆದಿದ್ದ ಬಾಟಲಿಯೊಂದರ ಕತ್ತಿನ ಹೊದಿಕೆಯನ್ನು ನಾನು ಸುಲಿದಾಗ, ಕಾರ್ಕ್ ಬಾಯಿಂದ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತ್ತು, ಅದರ ಪಕ್ಕದಿಂದ ಗಾಜಿನ ಮೇಲೆ ಕಂದು ಬಣ್ಣದ ಅಂಟು ಗೆರೆಯೊಂದು ಇಳಿದು ಒಣಗಿತ್ತು. ಒಳಗಿನ ವೈನಿಗೆ ಬೇಯಿಸಿದ ಒಣದ್ರಾಕ್ಷಿಯ ರುಚಿ ಬಂದಿತ್ತು. ಅಟ್ಟದಂತೆಯೇ ಫ್ರಿಜ್ಜಿನ ಮೇಲ್ಭಾಗ, ಒಲೆಯ ಪಕ್ಕ, ಬಿಸಿಲಿಗೆ ನಿಂತ ಕಾರಿನ ಡಿಕ್ಕಿ, ಇವೆಲ್ಲ ವೈನಿಗೆ ಆಗದ ಜಾಗಗಳು. ಮನೆಯಲ್ಲಿ ಬಿಸಿಲು ತಾಕದ ಒಳಗೋಡೆಗೆ ಒರಗಿದ ಬೀರುವಿನ ಕೆಳಖಾನೆ ಹುಡುಕಿ, ಬಾಟಲಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಮಲಗಿಸಿದರೆ ಕಾರ್ಕ್ ಒದ್ದೆಯಾಗಿ ಉಳಿದು ಗಾಳಿ ನುಸುಳುವುದಿಲ್ಲ, ತಿರುಗಿಸಿ ತೆರೆಯುವ ಮುಚ್ಚಳವಿದ್ದರೆ ನಿಲ್ಲಿಸಿಟ್ಟರೂ ಆಗುತ್ತದೆ. ಆದರೂ 25 ಡಿಗ್ರಿ ಮೀರುವ ಮನೆಯಲ್ಲಿ ವರ್ಷಗಟ್ಟಲೆ ಇಡುವ ಆಸೆ ಬೇಡ, ಬೇಸಿಗೆಗೆ ಮುನ್ನ ಕುಡಿದು ಮುಗಿಸುವುದೇ ಲೇಸು. ಫ್ರಿಜ್ಜಿನ ತರಕಾರಿ ಟ್ರೇ ಕೆಲವು ವಾರಗಳಿಗೆ ಆಸರೆಯಾಗಬಲ್ಲದು. ಅದಕ್ಕೂ ಹೆಚ್ಚು ಕಾಲ ಇಟ್ಟರೆ ಅಲ್ಲಿನ ಒಣ ಗಾಳಿಗೆ ಕಾರ್ಕ್ ಸೊರಗುತ್ತದೆ. ತಂಪಿನಲ್ಲಿದ್ದ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಹರಳುಗಳು ಕಂಡರೆ ಗಾಬರಿಯಾಗಬೇಡಿ. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲದ ಲವಣ ಅದು, ಅದರಿಂದ ಅಪಾಯವಿಲ್ಲ.

ತೆರೆದ ಬಾಟಲಿ ಉಳಿದರೆ ಕೆಂಪಾದರೂ ಬಿಳಿಯಾದರೂ ಬಿರಡೆ ಹಾಕಿ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ನಿಲ್ಲಿಸಿದಾಗ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಕಡಿಮೆ. ಹೀಗಿಟ್ಟದ್ದು ಮೂರರಿಂದ ಐದು ದಿನ ಬರುತ್ತದೆ, ಕೆಂಪನ್ನು ಕುಡಿಯುವ ಅರ್ಧ ಗಂಟೆಗೆ ಮುಂಚೆ ಹೊರಗೆ ತೆಗೆದಿಟ್ಟರಾಯಿತು. ಸ್ಪಾರ್ಕ್ಲಿಂಗ್ ವೈನಿಗೆ ಅದರ ಗಾಳಿಗುಳ್ಳೆಗಳನ್ನು ಹಿಡಿದಿಡುವ ಒತ್ತುಮುಚ್ಚಳ ಇಲ್ಲದಿದ್ದರೆ ಅದನ್ನು ಮರುದಿನಕ್ಕೆ ಉಳಿಸಬೇಡಿ.