ಹಳೆ ಕಾರಿನ ಇಂಜಿನ್‌ಗೆ ಅಸಲಿ ಬಣ್ಣ ಹುಡುಕುವುದು ಹೇಗೆ

ಇಂಜಿನ್ ಇಳಿಸಿದ ತಕ್ಷಣ ತೊಳೆಯಲು ಕಳಿಸಬೇಡಿ. ಹಳೆ ಕಾರು ರೆಡಿ ಮಾಡಿಸುವ ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಇದು. ಕಂಪನಿಯವರು ಹೊಡೆದ ಬಣ್ಣ ಎಲ್ಲಾದರೂ ಉಳಿದಿದ್ದರೆ ಆ ಜಿಡ್ಡಿನ ಕೆಳಗೇ ಉಳಿದಿರುತ್ತದೆ.

ನನ್ನ ಮೊದಲ ಇಂಜಿನ್‌ಗೆ ಈ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ವರ್ಕ್‌ಶಾಪ್‌ನವರು ಬಿಚ್ಚಿದ್ದನ್ನೆಲ್ಲ ಒಟ್ಟಿಗೆ ಕಾಸ್ಟಿಕ್ ಸೋಡಾ ನೀರಿಗೆ ಹಾಕಿಬಿಟ್ಟರು. ಇಂಜಿನ್ ಬ್ಲಾಕ್, ಅಂದರೆ ಇಂಜಿನ್‌ನ ಮುಖ್ಯ ಕಬ್ಬಿಣದ ಭಾಗ, ಬೆಳ್ಳಗೆ ಬಂತು, ಬಣ್ಣದ ಒಂದು ಚೂರೂ ಇಲ್ಲ. ಜೊತೆಗೆ ಥರ್ಮೋಸ್ಟಾಟ್ ಕೂರುವ ಅಲ್ಯೂಮಿನಿಯಂ ಹೌಸಿಂಗ್ ತಿಂದುಹೋಗಿತ್ತು. ಕಾಸ್ಟಿಕ್ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ, ಅಲ್ಯೂಮಿನಿಯಂ ಅನ್ನು ಮಾತ್ರ ಕರಗಿಸುತ್ತದೆ. ಇದನ್ನು ತೊಳೆಯುವವರಿಗೆ ಬಾಯಿ ಬಿಟ್ಟು ಹೇಳಲೇಬೇಕು.

ಎರಡನೆಯದು ಮಾರಿಸ್ ಮೈನರ್ ಅನ್ನೋ ಹಳೆ ಬ್ರಿಟಿಷ್ ಕಾರಿನ ಇಂಜಿನ್. ಈ ಸಲ ನಾನೇ ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್, ಒಂದು ಪ್ಲಾಸ್ಟಿಕ್ ಚಮಚ ಹಿಡಿದು ಕೂತೆ. ಡೈನಮೋ ಹಿಂದೆ ಕೈ ಹೋಗದ ಮೂಲೆಯಲ್ಲಿ ಜಿಡ್ಡು ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಒಂದು ಗಂಟೆ ನೆನೆಸಿ ಕೆರೆದಾಗ ರೂಪಾಯಿ ನಾಣ್ಯದಷ್ಟು ಕಡು ಹಸಿರು ಕಂಡಿತು. ಅರ್ಧ ಶತಮಾನ ಬಿಸಿಲನ್ನೇ ನೋಡದ ಬಣ್ಣ ಅದು! ಇಂಥ ಜಾಗಗಳು ಎಲ್ಲ ಇಂಜಿನ್‌ನಲ್ಲೂ ಇರುತ್ತವೆ: ಮೌಂಟಿಂಗ್ ಬ್ರಾಕೆಟ್ ಅಡಿ, ಸೈಡ್ ಕವರ್ ಅಂಚು, ವಾಟರ್ ಪಂಪ್ ಹಿಂಭಾಗ.

ನಮ್ಮಲ್ಲಿ ಪ್ರತಿ ಸಲ ಇಂಜಿನ್ ಕೆಲಸ ಆದಾಗಲೂ ಯಾರೋ ಒಬ್ಬರು ಮೇಲೆ ಸಿಲ್ವರ್ ಹೊಡೆದಿರುತ್ತಾರೆ. ಹಾಗಾಗಿ ಕಂಡ ಬಣ್ಣವನ್ನು ಸುಮ್ನೆ ನಂಬಬೇಡಿ. 1000 ನಂಬರ್ ಎಮರಿ ಪೇಪರ್ ಒದ್ದೆ ಮಾಡಿ ಒಂದೇ ಜಾಗದಲ್ಲಿ ಮೆಲ್ಲಗೆ ಉಜ್ಜಿ. ಮರದ ಕೊರಡಿನಲ್ಲಿ ಕಾಣುವ ಉಂಗುರಗಳ ಹಾಗೆ ಪದರಗಳು ಬಿಚ್ಚಿಕೊಳ್ಳುತ್ತವೆ. ನನ್ನದರಲ್ಲಿ ಸಿಲ್ವರ್, ಅದರ ಕೆಳಗೆ ಕಪ್ಪು, ಆಮೇಲೆ ಹಸಿರು. ತೀರಾ ಕೆಳಗೆ ಕಾವಿ ಬಣ್ಣ ಬಂದರೆ ಅದು ಬಣ್ಣಕ್ಕೂ ಮುಂಚೆ ಹೊಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಇರಬಹುದು, ಅದನ್ನೇ ಅಸಲಿ ಬಣ್ಣ ಅಂದುಕೊಳ್ಳಬೇಡಿ.

ಸಿಕ್ಕಿದ್ದನ್ನು ಕಾರಿನ ವರ್ಷದ ಜೊತೆ ತಾಳೆ ನೋಡಿ. ಮೈನರ್ ತಯಾರಿಸಿದ ಬ್ರಿಟಿಷ್ ಕಂಪನಿ ಬಿಎಂಸಿಯವರು ಅದರ 948 ಸಿಸಿ ಇಂಜಿನ್‌ಗೆ ಹಸಿರು ಹೊಡೆದರು, ಅದೇ ಬಿಎಂಸಿ ತನ್ನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಮೊದಲ ವರ್ಷಗಳ ಇಂಜಿನ್‌ಗೆ ಮರೂನ್ ಕೊಟ್ಟಿತು. ಅಮೆರಿಕದ ಫೋರ್ಡ್ ಇಂಜಿನ್‌ಗಳು 1966ರಿಂದ ನೀಲಿ, ಅದಕ್ಕೂ ಮುಂಚೆ ಬೇರೆ ಬೇರೆ ಬಣ್ಣ. ಕಂಪನಿ ಹೆಸರು ಗೊತ್ತಿದ್ದರೆ ಮಾತ್ರ ಸಾಲದು, ವರ್ಷ ಬೇಕೇ ಬೇಕು.

ಬಣ್ಣ ಮಿಕ್ಸಿಂಗ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹೋಗುವಾಗ ಮೊಬೈಲ್ ಫೋಟೋ ತೋರಿಸಬೇಡಿ, ಬಣ್ಣ ಉಳಿದಿರುವ ಬಿಡಿಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳದೆ ಫುಟ್‌ಪಾತ್‌ಗೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಸ್ಯಾಂಪಲ್ ಅನ್ನು ಕಾಗದದ ಮೇಲೆ ಬೇಡ, ಪ್ರೈಮರ್ ಹೊಡೆದ ತಗಡಿನ ಮೇಲೆ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಹೋಲಿಸಿ. ಒಪ್ಪಿಗೆ ಆದ ಮೇಲೆ ಫಾರ್ಮುಲಾ ಬರೆಸಿಕೊಳ್ಳಿ, ಕಾಲು ಲೀಟರ್ ಜಾಸ್ತಿಯೇ ಮಾಡಿಸಿ.

ಬಣ್ಣ ಸರಿ ಸಿಕ್ಕಿಯೂ ಇಂಜಿನ್ ಹೊಸ ಪ್ಲಾಸ್ಟಿಕ್ ಡಬ್ಬದ ಹಾಗೆ ಕಾಣುವುದುಂಟು. ಅದಕ್ಕೆ ಕಾರಣ ಹೊಳಪು. ಆಗಿನ ಇಂಜಿನ್‌ಗೆ ಕಂಪನಿಯಲ್ಲಿ ಸಾಮಾನ್ಯ ಎನಾಮಲ್ ಅನ್ನು ಬೇಗ ಬೇಗ ಹೊಡೆಯುತ್ತಿದ್ದರು, ಮೇಲೆ ಹೊಳಪಿನ ಪಾರದರ್ಶಕ ಕ್ಲಿಯರ್ ಕೋಟ್ ಇರಲಿಲ್ಲ. ಎಷ್ಟೋ ಕಂಪನಿಗಳಲ್ಲಿ ಇಂಜಿನ್ ಜೋಡಿಸಿ ಆದ ಮೇಲೆ ಒಟ್ಟಿಗೇ ಹೊಡೆಯುತ್ತಿದ್ದುದರಿಂದ ಬೋಲ್ಟ್ ತಲೆ, ಗ್ಯಾಸ್ಕೆಟ್ ಅಂಚು, ಎಲ್ಲದರ ಮೇಲೂ ಅದೇ ಬಣ್ಣ ಇರುತ್ತಿತ್ತು. ನಮ್ಮ ಪೇಂಟರ್‌ಗಳಿಗೆ ಬಾಡಿ ಮಿರಮಿರ ಮಿಂಚಿಸಿ ಅಭ್ಯಾಸ. "ಅಣ್ಣಾ, ಇಷ್ಟು ಶೈನಿಂಗ್ ಬೇಡ, ಅರ್ಧ ಸಾಕು" ಅಂತ ಮೊದಲೇ ಹೇಳಿ, ತಗಡಿನ ಮೇಲೆ ಒಂದು ಕೋಟ್ ಹೊಡೆಸಿ ನೋಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಯ ತೇವಕ್ಕೆ ಕೆಲವು ಪೇಂಟ್ ಹಾಲು ಬಿದ್ದ ಹಾಗೆ ಬೆಳ್ಳಗಾಗುತ್ತದೆ. ನಾನಂತೂ ಫೆಬ್ರವರಿಯ ಒಣ ಮಧ್ಯಾಹ್ನಕ್ಕೆ ಕಾಯುತ್ತೇನೆ.

ಎಲ್ಲಕ್ಕೂ ಪೇಂಟ್ ಬೇಡ, ಅಲ್ವಾ? ಕಾರ್ಬುರೇಟರ್ ಬಾಡಿ ಲೋಹದ ಬಣ್ಣದಲ್ಲೇ ಚೆಂದ. ಸಣ್ಣ ಲಿಂಕ್, ಸ್ಪ್ರಿಂಗ್, ಕ್ಲಿಪ್‌ಗಳಿಗೆ ಪೀಣ್ಯದಲ್ಲಿ ಝಿಂಕ್ ಪ್ಲೇಟಿಂಗ್ ಮಾಡಿಕೊಡುತ್ತಾರೆ. ಕ್ರೋಮ್ ಮಾಡಿಸಿದರೆ ಮದುವೆ ಮನೆ ಆಗಿಬಿಡುತ್ತದೆ, ದಯವಿಟ್ಟು ಬೇಡ.

ಇಂಜಿನ್‌ನ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಇಂಜಿನ್ ಬಣ್ಣ ತಡೆಯುವುದಿಲ್ಲ, ಸುಟ್ಟು ಉದುರುತ್ತದೆ. 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟ್ ತನ್ನಿ, ಎರಕದ ಕಬ್ಬಿಣದ ಬೂದು ಬಣ್ಣದ್ದು, ಎರಡು ತೆಳು ಕೋಟ್ ಸಾಕು. ಅದು ಬಿಸಿಯಾದ ಮೇಲೆಯೇ ಗಟ್ಟಿಯಾಗುವುದು. ಮೊದಲ ಸಲ ಇಂಜಿನ್ ಹತ್ತು ನಿಮಿಷ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಇಪ್ಪತ್ತು ನಿಮಿಷ ಓಡಿಸಿ. ಹೊಗೆ ಬರುತ್ತದೆ, ಗಾಬರಿ ಬೇಡ. ಕಾರನ್ನು ಮಾತ್ರ ಶೆಡ್‌ನಿಂದ ಹೊರಗೆ ತಂದು ನಿಲ್ಲಿಸಿ ಸ್ಟಾರ್ಟ್ ಮಾಡಿ.