ತುಲೂಸ್‌ನ ಅಸೆಜಾ ಭವನವನ್ನು ನೋಡುವ ಕ್ರಮ

ದಕ್ಷಿಣ ಫ್ರಾನ್ಸಿನ ತುಲೂಸ್ ನಗರಕ್ಕೆ ಹೋದವರು ಅಸೆಜಾ ಭವನಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಮೆಟ್ರೊದ ‘ಎ’ ಮಾರ್ಗದ ಎಸ್ಕಿರೊಲ್ ನಿಲ್ದಾಣದಲ್ಲಿ ಇಳಿದು ಗರೊನ್ ನದಿಯ ಕಡೆಗೆ ಕೆಲವು ನಿಮಿಷ ನಡೆದರೆ ಹೆಬ್ಬಾಗಿಲು ಸಿಗುತ್ತದೆ. ಒಳಗಿನ ಬೆಂಬರ್ಗ್ ಪ್ರತಿಷ್ಠಾನದ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ ಇರುವುದರಿಂದ ಆ ದಿನವನ್ನು ತಪ್ಪಿಸಿ.

ಹೊರಡುವ ಮುನ್ನ ಮನೆ ಕಟ್ಟಿಸಿದವನ ಕಥೆ ತಿಳಿದಿರಲಿ. ಪಿಯರ್ ದಸೆಜಾ ಪಾಸ್ಟೆಲ್ ಎಂಬ ಬಣ್ಣದ ಗಿಡದ ವ್ಯಾಪಾರಿ. ಆ ಗಿಡದ ಎಲೆಯನ್ನು ಅರೆದು ಉಂಡೆ ಕಟ್ಟಿ, ಹುದುಗಿಸಿ ತೆಗೆಯುತ್ತಿದ್ದ ನೀಲಿ ಬಣ್ಣವೇ ಹದಿನಾರನೆಯ ಶತಮಾನದ ತುಲೂಸ್‌ನ ಸಿರಿತನದ ಮೂಲವಾಗಿತ್ತು. 1555ರಲ್ಲಿ ನಿಕೊಲಾ ಬಾಷೆಲಿಯೆ ಎಂಬ ವಾಸ್ತುಶಿಲ್ಪಿ ಆರಂಭಿಸಿದ ಕಟ್ಟಡವನ್ನು ಅವನ ಮರಣಾನಂತರ ಮಗ ಡೊಮಿನಿಕ್ ಮುಂದುವರಿಸಿದ. ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದ್ದ ದಸೆಜಾನನ್ನು 1562ರ ಧಾರ್ಮಿಕ ಕಲಹದಲ್ಲಿ ನಗರದಿಂದ ಹೊರಹಾಕಲಾಯಿತು. ಮುಂದೆ ಭಾರತದಿಂದ ಹಡಗಿನಲ್ಲಿ ಬಂದ ನಮ್ಮ ನೀಲಿಯ ಪೈಪೋಟಿಯೂ ಪಾಸ್ಟೆಲ್ ವ್ಯಾಪಾರವನ್ನು ಕುಗ್ಗಿಸಿತು.

ಬಾಗಿಲು ದಾಟಿದೊಡನೆ ಪ್ರವೇಶಚೀಟಿಗೆ ಆತುರಪಡದೆ ಅಂಗಳದ ನಡುವೆ ನಿಂತು, ‘ಎಲ್’ ಆಕಾರದಲ್ಲಿ ಕೂಡುವ ಎರಡು ಮುಖಗಳನ್ನು ಕೆಳಗಿನಿಂದ ಮೇಲಕ್ಕೆ ಗಮನಿಸಿ. ಈ ಭವನದ ನಿಜವಾದ ಸಂಪತ್ತು ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಜೋಡಿ ಕಂಬಗಳ ಬೋದಿಗೆಗಳು, ಅಂದರೆ ತಲೆಭಾಗಗಳು, ನೆಲಮಟ್ಟದಲ್ಲಿ ಸರಳವಾದ ಡೋರಿಕ್, ನಡುವಿನ ಅಂತಸ್ತಿನಲ್ಲಿ ಸುರುಳಿಯ ಅಯೋನಿಕ್, ಮೇಲೆ ಎಲೆಗಳ ಕೊರಿಂಥಿಯನ್ ಶೈಲಿಯಲ್ಲಿವೆ. ಕೆಳಗಿನ ಎರಡು ಅಂತಸ್ತುಗಳಲ್ಲಿ ಕಮಾನಿನೊಳಗೆ ಆಯತಾಕಾರದ ಕಿಟಕಿಗಳಿದ್ದರೆ, ಮೂರನೆಯದರಲ್ಲಿ ಆ ಕ್ರಮವೇ ತಿರುವುಮುರುವಾಗಿ, ಚೌಕಟ್ಟಿನೊಳಗೆ ಕಮಾನು ಕುಳಿತಿದೆ. ಗೋಡೆ ಇಟ್ಟಿಗೆಯದು, ಕಂಬ ಮತ್ತು ಅಲಂಕಾರ ಕಲ್ಲಿನವು: ಕಲ್ಲು ದುರ್ಲಭವಾಗಿದ್ದ ಈ ಊರಿನಲ್ಲಿ ಅದನ್ನು ಇಷ್ಟು ಧಾರಾಳವಾಗಿ ಬಳಸುವುದೇ ಶ್ರೀಮಂತಿಕೆಯ ಪ್ರದರ್ಶನವಾಗಿತ್ತು.

ಆಮೇಲೆ ಮೂಲೆಯ ಮೆಟ್ಟಿಲು ಗೋಪುರವನ್ನೂ, ಎದುರಿನ ಗೋಡೆಗೆ ತೂಗುಹಾಕಿದಂತಿರುವ ಮೊಗಸಾಲೆಯನ್ನೂ ನೋಡಿ. ಗೋಪುರವು ನಗರಾಡಳಿತದ ‘ಕಾಪಿತೂಲ್’ ಹುದ್ದೆಯ ಗೌರವವನ್ನು ಸಾರುತ್ತಿತ್ತು.

ಚೀಟಿ ಕೊಂಡು ಒಳಗೆ ಹೋದರೆ ಜರ್ಮನಿಯ ಕ್ರಾನಾಖ್‌ನಿಂದ ಫ್ರಾನ್ಸಿನ ಬೊನ್ನಾರ್‌ವರೆಗಿನ ಕಲಾವಿದರ ಚಿತ್ರಗಳಿವೆ; ಸಮಯ ಕಡಿಮೆಯಿದ್ದರೆ ಬೊನ್ನಾರ್‌ನ ಕೃತಿಗಳಿಗೆ ಆದ್ಯತೆ ಕೊಡಿ. ಹಿಂದಿರುಗುವಾಗ ಸಮೀಪದ ಪೋಂ ನಫ್ ಸೇತುವೆಯವರೆಗೆ ನಡೆಯಿರಿ. 1544ರಲ್ಲಿ ಆರಂಭವಾಗಿ 1632ರಲ್ಲಿ ಮುಗಿದ ಆ ಸೇತುವೆಗೂ ಬಾಷೆಲಿಯೆ ತಂದೆ-ಮಕ್ಕಳು ದುಡಿದಿದ್ದರು.