ಪೈಪ್ ಕಟಿಂಗ್ ಮಷಿನ್: ಸ್ವಿಚ್ ಒತ್ತುವ ಮುಂಚಿನ ಕೆಲಸವೇ ಜಾಸ್ತಿ

ಎಂಟು ವರ್ಷದ ಹಿಂದೆ ನನ್ನ ಕಣ್ಣೆದುರೇ 14 ಇಂಚಿನ ಕಟಿಂಗ್ ವೀಲ್ ಒಡೆಯಿತು. ಕಬ್ಬಿಣದ ಪೈಪ್ ಇನ್ನೇನು ತುಂಡಾಗಬೇಕು, ಆಚೆ ಬದಿ ಕೆಳಗೆ ಬೀಳುತ್ತದಲ್ಲ ಅಂತ ಹೆಲ್ಪರ್ ಹುಡುಗ ಅದನ್ನು ಕೈಯಲ್ಲಿ ಎತ್ತಿ ಹಿಡಿದ. ಪಾಪ, ಸಹಾಯ ಮಾಡೋಣ ಅಂತಲೇ ಹಿಡಿದದ್ದು. ತುದಿ ಮೇಲೆದ್ದ ಕೂಡಲೇ ಕತ್ತರಿಸಿದ ಸಂದು ಮೇಲ್ಗಡೆ ಮುಚ್ಚಿಕೊಂಡಿತು. ತಿರುಗುತ್ತಿದ್ದ ವೀಲ್ ನಡುವೆ ಸಿಕ್ಕಿ ಟಪ್ ಅಂತು. ಆಮೇಲೆ ನೋಡಿದರೆ ವೀಲ್ ಮುಚ್ಚುವ ಗಾರ್ಡ್‌ನ ತಗಡು, ಒಡೆದ ಚೂರು ಬಡಿದು ಒಳಗಿಂದ ಉಬ್ಬಿತ್ತು. ಆ ಗಾರ್ಡ್ ಇರದಿದ್ದರೆ ಆ ಚೂರು ನನ್ನ ಮುಖಕ್ಕೇ ಬರುತ್ತಿತ್ತು.

ಅದಕ್ಕೇ ನಾನು ಹೊಸಬರಿಗೆ ಮೊದಲು ಪೈಪ್ ಕೂರಿಸುವುದನ್ನು ಹೇಳಿಕೊಡುತ್ತೇನೆ.

ಮಷಿನ್ ಅಲುಗಾಡದ ಸಮತಟ್ಟು ಜಾಗದಲ್ಲಿರಲಿ. ಪೈಪಿನ ಉದ್ದದ ಭಾಗ ವೈಸ್ (ಪೈಪನ್ನು ಬಿಗಿಯಾಗಿ ಹಿಡಿಯುವ ಇಕ್ಕಳ) ಕಡೆಗೆ ಬರಲಿ. ಆ ಉದ್ದದ ಕೆಳಗೆ ಮಷಿನ್ ತಳದಷ್ಟೇ ಎತ್ತರದ ಸ್ಟ್ಯಾಂಡ್ ಕೊಡಿ. ವೈಸ್ ಬಿಗಿ ಮಾಡಿದ ಮೇಲೆ ಪೈಪನ್ನು ಕೈಯಲ್ಲಿ ತಿರುಗಿಸಿ ನೋಡಿ. ಸ್ವಲ್ಪ ಜರುಗಿದರೂ ಮತ್ತೆ ಬಿಗಿ ಮಾಡಿ. ತುಂಡಾಗುವ ಕಡೆ ಗಿಡ್ಡವಾಗಿದ್ದರೆ ಅದನ್ನು ಹಾಗೇ ಬಿಡಿ, ಬೀಳಲಿ. ಆ ಕಡೆಯೂ ಉದ್ದ ಇದ್ದರೆ ಆಧಾರ ಬೇಕು. ಆ ಆಧಾರ ಒಂದು ಕೂದಲೆಳೆ ತಗ್ಗಿದ್ದರೆ ತೊಂದರೆಯಿಲ್ಲ, ಎತ್ತರ ಮಾತ್ರ ಇರಬಾರದು. ತಗ್ಗಿದ್ದರೆ ಸಂದು ಬಿಚ್ಚಿಕೊಳ್ಳುತ್ತದೆ, ಎತ್ತರವಿದ್ದರೆ ಕಚ್ಚಿಕೊಳ್ಳುತ್ತದೆ.

ವೀಲ್ ಬದಲಿಸುವಾಗ ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಇದೆ ಅಂದರೆ ಸಾಲದು. ವೀಲ್ ಮೇಲೆ ಬರೆದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ), ಮಷಿನ್‌ನ ಆರ್‌ಪಿಎಂಗಿಂತ ಕಡಿಮೆ ಇರಲೇಬಾರದು. 14 ಇಂಚಿನ ವೀಲ್ ಮೇಲೆ ಸಾಮಾನ್ಯವಾಗಿ 4300ರ ಆಸುಪಾಸು ಇರುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಎಕ್ಸ್‌ಪೈರಿ ಅಚ್ಚಾಗಿದ್ದರೆ ಅದನ್ನೂ ಓದಿ. ಬಿರುಕು ಬಿಟ್ಟದ್ದು, ನೀರಲ್ಲಿ ನೆನೆದದ್ದು, ಕೆಳಗೆ ಬಿದ್ದದ್ದು ಬೇಡ. ಇಲ್ಲಿ ಉಳಿತಾಯ ನೋಡಬೇಡಿ. ಹೊಸ ವೀಲ್ ಹಾಕಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ, ನೀವು ಪಕ್ಕಕ್ಕೆ ನಿಂತಿರಿ.

ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಕಿ, ಸುರುಳಿಯಲ್ಲೇ ಇದ್ದರೆ ಬಿಸಿಯಾಗುತ್ತದೆ. ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇರಬೇಕು. ಕನ್ನಡಕದ ಮೇಲೆ ಫೇಸ್ ಶೀಲ್ಡ್, ಕಿವಿಗೆ ಪ್ಲಗ್, ಕಾಲಿಗೆ ಗಟ್ಟಿ ಶೂ. ಸಡಿಲ ತೋಳಿನ ಅಂಗಿ, ಕೊರಳಲ್ಲಿ ಟವೆಲ್ ಬೇಡ. ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಆದರೆ ಸತುವಿನ ಹೊಗೆ ಏಳುತ್ತದೆ, ಗಾಳಿ ಆಡುವ ಕಡೆಯೇ ಕತ್ತರಿಸಿ, ಮಾಸ್ಕ್ ಹಾಕಿಕೊಳ್ಳಿ. ಹಳೇ ಪೈಪ್ ಆದರೆ ಒಳಗೆ ಏನು ಹರಿದಿತ್ತು ಅಂತ ಕೇಳಿ ತಿಳಿಯದೆ ಮುಟ್ಟಬೇಡಿ. ಗ್ಯಾಸ್, ಎಣ್ಣೆ ಉಳಿದಿದ್ದರೆ ಒಂದು ಕಿಡಿ ಸಾಕು.

ಇನ್ನು ಕತ್ತರಿಸುವುದು. ವೀಲ್ ಪೂರ್ತಿ ವೇಗ ಹಿಡಿದ ಮೇಲೆಯೇ ಪೈಪಿಗೆ ತಾಗಿಸಿ. ದುಂಡನೆ ಮೈ ಅಲ್ವಾ, ಮೊದಲು ವೀಲ್ ಜಾರಲು ನೋಡುತ್ತದೆ. ಮೆಲ್ಲಗೆ ಗೀರು ಬೀಳಲಿ, ಆಮೇಲೆ ಒಂದೇ ಸಮನೆ ಒತ್ತಿ. ಕಿವಿ ಮೋಟರ್ ಕಡೆಗಿರಲಿ. ಸದ್ದು ಇಳಿದು ಗೊರಗುಟ್ಟಿದರೆ ಒತ್ತಡ ಜಾಸ್ತಿಯಾಯಿತು ಅಂತ ಅರ್ಥ, ಕೈ ಹಗುರ ಮಾಡಿ. ಕೊನೆಯಲ್ಲಿ ಇನ್ನೂ ಹಗುರ. ವೀಲಿನ ನೇರಕ್ಕೆ ನಿಲ್ಲದೆ, ಅರ್ಧ ಹೆಜ್ಜೆ ಪಕ್ಕಕ್ಕಿರಿ. ಸಿಕ್ಕಿಕೊಂಡರೆ ಎಳೆದಾಡಬೇಡಿ, ಸ್ವಿಚ್ ಬಿಡಿ, ನಿಲ್ಲಲಿ, ಪ್ಲಗ್ ಕಿತ್ತು ಆಮೇಲೆ ಬಿಡಿಸಿ.

ತುಂಡಾದ ಮೇಲೂ ವೀಲ್ ಸುಮಾರು ಹೊತ್ತು ತಿರುಗುತ್ತಿರುತ್ತದೆ. ಅದು ನಿಲ್ಲುವವರೆಗೆ ಕೆಳಗೆ ಕೈ ಹಾಕಬೇಡಿ. ಕತ್ತರಿಸಿದ ಬಾಯಿ ಕಾದಿರುತ್ತದೆ, ಅಂಚು ಬ್ಲೇಡಿನಂತಿರುತ್ತದೆ, ಅರದಿಂದ ಉಜ್ಜಿ ಆಮೇಲೆ ಮುಟ್ಟಿ.

ಕಿಡಿ ನೀವು ಅಂದುಕೊಂಡದ್ದಕ್ಕಿಂತ ದೂರ ಹಾರುತ್ತದೆ. ಸುತ್ತ 11 ಮೀಟರ್ ಒಳಗೆ ಥಿನ್ನರ್, ಗೋಣಿಚೀಲ, ಮರದ ಹೊಟ್ಟು ಇದ್ದರೆ ಮೊದಲೇ ತೆಗೆಸಿ. ಕೆಲಸ ಮುಗಿದ ಕೂಡಲೇ ಹೊರಟುಬಿಡಬೇಡಿ. ನಾನು ಒಂದು ಗಂಟೆ ಅಲ್ಲೇ ಇದ್ದು, ಮೂಲೆ ಮೂಲೆಯಲ್ಲಿ ಹೊಗೆಯ ವಾಸನೆ ನೋಡಿಕೊಂಡೇ ಮಷಿನ್ ಗಾಡಿಗೆ ಏರಿಸುತ್ತೇನೆ.